ಸಿಸೇರಿಯನ್ ಅಂದ್ರಾ? ಮೂರು ಪ್ರಶ್ನೆ ಕೇಳಿ: ಯಾಕೆ, ಎಷ್ಟನೇ ವಾರ, ಎಷ್ಟನೇ ಸಲ

ಮಗು ಹುಟ್ಟಿತು ಅಂತ ಯಾರಿಗಾದರೂ ಫೋನ್ ಮಾಡಿ ನೋಡಿ. ಗಂಡೋ ಹೆಣ್ಣೋ ಅಂತ ಕೇಳಿದ ತಕ್ಷಣ ಬರುವ ಎರಡನೇ ಪ್ರಶ್ನೆ, "ನಾರ್ಮಲ್ಲಾ, ಸಿಸೇರಿಯನ್ನಾ?" ಮಗುವಿನ ತೂಕದ ವಿಚಾರ ಕೂಡ ಆಮೇಲೆ. ಸಿಸೇರಿಯನ್ ಅಂದರೆ ಆ ಕಡೆಯಿಂದ ಒಂದು "ಅಯ್ಯೋ ಪಾಪ" ಗ್ಯಾರಂಟಿ. ನನಗೂ ಬಂದಿತ್ತು. ಹದಿನಾಲ್ಕು ಗಂಟೆ ಬೇನೆ ತಿಂದು, ಮಗುವಿನ ಎದೆಬಡಿತ ಪದೇ ಪದೇ ಇಳಿಯುತ್ತಿದೆ ಅಂತ ರಾತ್ರಿ ಎರಡೂವರೆಗೆ ಥಿಯೇಟರಿಗೆ ಹೋದವಳು ನಾನು. ಮೂರನೇ ದಿನ ನೋಡಲು ಬಂದ ಸೋದರತ್ತೆ ಹಾರ್ಲಿಕ್ಸ್ ಬಾಟಲಿ ಮಂಚದ ಪಕ್ಕ ಇಡುತ್ತಾ "ಇನ್ನೊಂಚೂರು ತಡ್ಕೊಂಡಿದ್ರೆ ಆಗ್ತಿತ್ತೇನೋ ಕಣೇ" ಅಂದರು. ಪಕ್ಕದ ಮಂಚದವಳ ಅಮ್ಮ ಮಾತ್ರ "ಬಿಡಿ, ಈಗೆಲ್ಲ ಸಿಸೇರಿಯನ್ನೇ ಸೇಫು, ನೋವಿಲ್ಲ ಏನಿಲ್ಲ" ಅಂದರು. ಹೊಲಿಗೆ ಹಿಡಿದುಕೊಂಡು ಕೆಮ್ಮಲೂ ಹೆದರುತ್ತಿದ್ದ ನನಗೆ ನಗು ಬಂತು. ನಕ್ಕರೆ ಇನ್ನೂ ನೋವು.

ಇಬ್ಬರು ಹೇಳಿದ್ದೂ ಸರಿಯಲ್ಲ. ಸಿಸೇರಿಯನ್ನಿನ ಅಪಾಯ ಎಲ್ಲರಿಗೂ ಒಂದೇ ಅಳತೆಯದಲ್ಲ. ಮಗು ಅಡ್ಡ ಮಲಗಿದೆ ಅಂತ 39ನೇ ವಾರದಲ್ಲಿ ಮಾಡುವುದು ಒಂದು. ಪಂಚಾಂಗ ನೋಡಿ 37ನೇ ವಾರಕ್ಕೇ ಮಾಡಿಸುವುದು ಇನ್ನೊಂದು. ಎರಡು ಸಲ ಕೊಯ್ದ ಗರ್ಭಕೋಶವನ್ನು ಮೂರನೇ ಸಲ ಕೊಯ್ಯುವುದು ಮತ್ತೊಂದು. ಅದಕ್ಕೇ ಶೀರ್ಷಿಕೆಯಲ್ಲಿ ಮೂರು ಪ್ರಶ್ನೆ ಹಾಕಿದ್ದೇನೆ.

ನಾನು ಡಾಕ್ಟರಲ್ಲ. ಎರಡು ಹೆರಿಗೆ ಕಂಡವಳು, ಅವೆರಡರ ನಡುವೆ ಸಿಕ್ಕಿದ್ದನ್ನೆಲ್ಲ ಓದಿ ನಮ್ಮ ಡಾಕ್ಟರ ತಲೆ ತಿಂದವಳು ಅಷ್ಟೇ. ನಿಮ್ಮ ಫೈಲು ನೋಡಿದವರ ಮಾತು ಇಲ್ಲಿ ಬರೆದದ್ದಕ್ಕಿಂತ ಮೇಲು.

ಮೊದಲು ಅಂಕಿ ನೋಡಿ, ಆಮೇಲೆ ಪಕ್ಕಕ್ಕಿಡಿ

2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆರಿಗೆಗಳಲ್ಲಿ ಶೇ. 17.2 ಸಿಸೇರಿಯನ್ ಇತ್ತು. 2019-21ರಲ್ಲಿ ಅದು ಶೇ. 21.5 ಆಯಿತು. ಕರ್ನಾಟಕದಲ್ಲಿ ಶೇ. 31.5. ದೇಶದ ಖಾಸಗಿ ಆಸ್ಪತ್ರೆಗಳನ್ನಷ್ಟೇ ತೆಗೆದುಕೊಂಡರೆ ಶೇ. 47.4, ಸರ್ಕಾರಿಯಲ್ಲಿ ಶೇ. 14.3. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಇಷ್ಟು: ಒಂದು ಇಡೀ ಜನಸಂಖ್ಯೆಯಲ್ಲಿ ಸಿಸೇರಿಯನ್ ಶೇ. 10ರವರೆಗೆ ಏರುವಾಗ ತಾಯಿ-ಮಗುವಿನ ಸಾವು ಕಮ್ಮಿಯಾಗುತ್ತದೆ, ಅದರಾಚೆ ಏರಿದರೆ ಸಾವು ಇನ್ನಷ್ಟು ಇಳಿಯುವುದು ಕಾಣುವುದಿಲ್ಲ.

ಖಾಸಗಿಗೂ ಸರ್ಕಾರಿಗೂ ಇಷ್ಟು ಅಂತರ ಇರೋದನ್ನು ನೋಡಿದರೆ ಬೇಡದ್ದೂ ನಡೆಯುತ್ತಿದೆ ಅನ್ನಿಸುತ್ತದೆ, ನನಗೂ ಅನ್ನಿಸಿದೆ. ಆದರೆ ಈ ಅಂಕಿ ರಾಜ್ಯದ ಕಥೆ ಹೇಳುತ್ತದೆ, ನಿಮ್ಮ ಹೊಟ್ಟೆಯೊಳಗಿನ ಕಥೆ ಹೇಳುವುದಿಲ್ಲ. "ಮೂರರಲ್ಲಿ ಒಂದು ಸಿಸೇರಿಯನ್ನಂತೆ, ಇವರೂ ದುಡ್ಡಿಗೇ ಮಾಡ್ತಿದಾರೆ" ಅಂತ ಥಿಯೇಟರ್ ಬಾಗಿಲಲ್ಲಿ ಜಗಳ ತೆಗೆದ ಒಬ್ಬ ಗಂಡನನ್ನು ನಾನೇ ನೋಡಿದ್ದೇನೆ. ಆ ಹೆಂಡತಿಗೆ ರಕ್ತ ಹೋಗುತ್ತಿತ್ತು.

ಹೆಜ್ಜೆ 1: ಯಾಕೆ ಅಂತ ಕೇಳಿ

ಕೆಲವು ಕಾರಣಗಳಿಗೆ ಮರುಮಾತೇ ಬೇಡ. ಮಾಸು (ಪ್ಲಾಸೆಂಟಾ) ಕೆಳಗೆ ಬಂದು ಗರ್ಭಕೋಶದ ಬಾಯಿ ಮುಚ್ಚಿದ್ದರೆ. ಬೇನೆ ಶುರುವಾದರೂ ಮಗು ಅಡ್ಡಡ್ಡ ಇದ್ದರೆ. ಮಗುವಿಗಿಂತ ಮೊದಲು ಹೊಕ್ಕುಳಬಳ್ಳಿ ಕೆಳಗೆ ಜಾರಿದರೆ. ಹೆರಿಗೆಗೆ ಮೊದಲೇ ಮಾಸು ಕಿತ್ತುಕೊಂಡು ರಕ್ತ ಹೋಗುತ್ತಿದ್ದರೆ. ಮಗುವಿನ ಎದೆಬಡಿತ ಇಳಿದು ಮೇಲೇಳದಿದ್ದರೆ. ಇಲ್ಲೆಲ್ಲ ಸಿಸೇರಿಯನ್ನಿಗಿಂತ ತಡ ಮಾಡುವುದೇ ದೊಡ್ಡ ಅಪಾಯ. "ಊರಿಂದ ಮಾವ ಬರಲಿ, ಆಮೇಲೆ ಸಹಿ ಹಾಕ್ತೀವಿ" ಅನ್ನುವ ಹೊತ್ತಲ್ಲ ಅದು.

ಇನ್ನು ಕೆಲವು ಕಾರಣಗಳಿವೆ. ಅವು ಸುಳ್ಳಲ್ಲ, ಆದರೆ ಅಷ್ಟಕ್ಕೇ ಸಾಲದು. ಕೇಳಿದರೆ ಎದೆ ಧಸಕ್ಕನ್ನುತ್ತದೆ, ಹಾಗಾಗಿ ನಾವು ತಕ್ಷಣ ತಲೆಯಾಡಿಸುತ್ತೇವೆ.

"ಕತ್ತಿಗೆ ಕರುಳು ಸುತ್ತಿದೆ" ಅನ್ನೋದು ಇವುಗಳ ರಾಜ. ಹುಟ್ಟುವ ನಾಲ್ಕು ಮಕ್ಕಳಲ್ಲಿ ಸುಮಾರು ಒಂದರ ಕತ್ತಿನಲ್ಲಿ ಹೊಕ್ಕುಳಬಳ್ಳಿ ಇರುತ್ತದೆ, ತಲೆ ಹೊರಬಂದ ಮೇಲೆ ಸಾಮಾನ್ಯವಾಗಿ ಅದನ್ನು ಬೆರಳಲ್ಲಿ ಎತ್ತಿ ಬಿಡಿಸುತ್ತಾರೆ. ಮಗು ಹೊಟ್ಟೆಯಲ್ಲಿ ಮೂಗಿನಿಂದ ಉಸಿರಾಡುತ್ತಿಲ್ಲವಲ್ಲ, ಕತ್ತು ಹಿಸುಕೋದು ಅನ್ನೋ ಚಿತ್ರವೇ ತಪ್ಪು. ಬಳ್ಳಿ ಒತ್ತಿ ಎದೆಬಡಿತ ಏರುಪೇರಾದರೆ ಮಾತು ಬೇರೆ. ಹಾಗಾಗಿ ಕೇಳಬೇಕಾದ್ದು, "ಎದೆಬಡಿತ ಹೇಗಿದೆ ಡಾಕ್ಟ್ರೇ?"

"ನೀರು ಕಮ್ಮಿ" ಅಂದರೆ ಎಷ್ಟು ಅಂತ ಕೇಳಿ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಸೆಂಟಿಮೀಟರ್ ಲೆಕ್ಕ ಇರುತ್ತದೆ. 5ಕ್ಕಿಂತ ಕೆಳಗಿದ್ದರೆ ಕಮ್ಮಿ ಅಂತ ಸಾಮಾನ್ಯ ಲೆಕ್ಕ. 8 ಇದ್ದಾಗಲೂ ಹೆದರಿದವರಿದ್ದಾರೆ. ನಿಜಕ್ಕೂ ಕಮ್ಮಿ ಇದ್ದರೂ ಎಷ್ಟೋ ಸಲ ಬೇನೆ ಬರಿಸಿ ನೋಡಬಹುದು, ನೇರ ಕತ್ತರಿಗೇ ಹೋಗಬೇಕಂತಿಲ್ಲ.

"ಮಗು ದಪ್ಪ ಇದೆ" ಅಂದರೆ ಸ್ಕ್ಯಾನಿಂಗಿನ ತೂಕ ಶೇ. 10-15ರಷ್ಟು ಆಚೀಚೆ ಆಗಬಹುದು ಅನ್ನೋದು ನೆನಪಿರಲಿ. ನಾಲ್ಕು ಕೆಜಿ ಅಂದದ್ದು ಮೂರೂವರೆ ಆಗಿ ಬರೋದು ಏನೂ ಅಪರೂಪವಲ್ಲ. ನಿಮಗೆ ಶುಗರ್ ಇದ್ದರೆ ಮಾತ್ರ ಈ ಮಾತನ್ನು ಹಗುರಾಗಿ ತೆಗೆದುಕೊಳ್ಳಬೇಡಿ.

"ಹೊಟ್ಟೆಯಲ್ಲೇ ಕಕ್ಕ ಮಾಡಿದೆ" ಅನ್ನುವುದಕ್ಕೂ ಅದೇ ಪ್ರಶ್ನೆ, ಎದೆಬಡಿತ ಹೇಗಿದೆ. ಬಡಿತ ಚೆನ್ನಾಗಿದ್ದು ಹೆರಿಗೆ ಮುಂದುವರಿಯುತ್ತಿದ್ದರೆ ಕಣ್ಣಿಟ್ಟು ಕಾಯಬಹುದು.

"ಬಾಯಿ ತೆರೀತಿಲ್ಲ" ಅಂದರೆ ಎಷ್ಟು ಸೆಂಟಿಮೀಟರ್ ಆಗಿದೆ ಅಂತ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಪ್ರಕಾರ 5 ಸೆಂಟಿಮೀಟರ್ ಆದ ಮೇಲೆಯೇ ಹೆರಿಗೆ ಚುರುಕಾಗುವ ಹಂತ. ಅದಕ್ಕೆ ಮೊದಲು ನಿಧಾನ ಇರೋದು ಸಹಜ, ಚೊಚ್ಚಲಿಗಂತೂ ಇನ್ನೂ ನಿಧಾನ. 3 ಸೆಂಟಿಮೀಟರಿನಲ್ಲಿ "ಆಗ್ತಿಲ್ಲ" ಅಂದರೆ, ತಾಯಿ-ಮಗು ಚೆನ್ನಾಗಿದ್ದರೆ, ಕಾಯಬಹುದಾ ಅಂತ ಕೇಳೋದರಲ್ಲಿ ತಪ್ಪಿಲ್ಲ.

ಕೇಳುವ ರೀತಿಯೂ ಮುಖ್ಯ. ಕೋರ್ಟಿನಲ್ಲಿ ಸವಾಲು ಹಾಕಿದ ಹಾಗೆ ಬೇಡ. "ಈಗಲೇ ಮಾಡಬೇಕಾ, ಒಂದೆರಡು ಗಂಟೆ ನೋಡಬಹುದಾ? ನೋಡಿದರೆ ಮಗುವಿಗೇನು ಅಪಾಯ?" ಅಂತ ಕೇಳಿ ಸುಮ್ಮನಾಗಿ. ಕಾರಣ ಇರುವ ಡಾಕ್ಟರ್ ಒಂದು ನಿಮಿಷದಲ್ಲಿ ಬಿಡಿಸಿ ಹೇಳುತ್ತಾರೆ. "ನೀವೇ ಡಾಕ್ಟ್ರಾ?" ಅನ್ನೋದು ಉತ್ತರ ಅಲ್ಲ. ಬೇನೆಯಲ್ಲಿ ಇರುವವಳಿಗೆ ಇದನ್ನೆಲ್ಲ ಕೇಳುವ ಶಕ್ತಿ ಇರುವುದಿಲ್ಲ, ಹಾಗಾಗಿ ಜೊತೆಗೆ ಇರುವವರು ಈ ಪಾಠವನ್ನು ಎಂಟನೇ ತಿಂಗಳಲ್ಲೇ ಮಾಡಿಕೊಂಡಿರಬೇಕು. ನನ್ನ ಗಂಡ ಎರಡನೇ ಸಲಕ್ಕೆ ಒಂದು ಚೀಟಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದರು.

ನೋವಿಗೆ ಹೆದರಿ ತಾವೇ ಸಿಸೇರಿಯನ್ ಕೇಳುವವರೂ ಇದ್ದಾರೆ, ಅದನ್ನು ಹಂಗಿಸಬಾರದು. ಆದರೆ ಬೇನೆಯ ನೋವಿಗೆ ಎಪಿಡ್ಯೂರಲ್ (ನೋವು ಕಮ್ಮಿ ಮಾಡಲು ಬೆನ್ನಿಗೆ ಕೊಡುವ ಔಷಧಿ) ಇದೆ, ನಿಮ್ಮ ಆಸ್ಪತ್ರೆಯಲ್ಲಿ ಸಿಗುತ್ತದಾ ವಿಚಾರಿಸಿ. ಸಿಸೇರಿಯನ್ನಿನಲ್ಲಿ ನೋವು ತಪ್ಪುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೇ.

ಹೆಜ್ಜೆ 2: ಎಷ್ಟನೇ ವಾರ ಅಂತ ಲೆಕ್ಕ ಹಾಕಿ

ಮಗುವಿನ ಕಡೆಯಿಂದ ನೋಡಿದರೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ನಮ್ಮ ಕಡೆ ಇದು ಪಂಚಾಂಗದ ಕೈಗೆ ಹೋಗಿಬಿಡುತ್ತದೆ.

ನಮ್ಮ ಚಿಕ್ಕಮ್ಮನ ಮಗಳಿಗೆ ಮೊದಲನೆಯದು ಸಿಸೇರಿಯನ್ ಆಗಿತ್ತು, ಎರಡನೆಯದೂ ಅದೇ ಅಂತ ತೀರ್ಮಾನವಾಯಿತು. ಹೇಗೂ ಕೊಯ್ಯೋದೇ ಅಂದಮೇಲೆ ಒಳ್ಳೇ ದಿನ ನೋಡಿದರೇನು ಅಂತ ಅವಳ ಅತ್ತೆ ಜ್ಯೋತಿಷಿಗಳ ಹತ್ತಿರ ಹೋದರು. ಮೂಲಾ ನಕ್ಷತ್ರ ತಪ್ಪಿಸಬೇಕು, ರಾಹುಕಾಲ ಬೇಡ, ಲಗ್ನ ಇಂಥದ್ದೇ ಇರಬೇಕು. ಅಳೆದು ಸುರಿದು ಸಿಕ್ಕಿದ ಮುಹೂರ್ತ ಬಿದ್ದದ್ದು 37 ವಾರ ಒಂದು ದಿನಕ್ಕೆ. ನೋಡುತ್ತಿದ್ದ ಡಾಕ್ಟರ್ ಆಗಲ್ಲ ಅಂದರು. ಬೇರೆ ಆಸ್ಪತ್ರೆ ಒಪ್ಪಿತು. ಹುಟ್ಟಿದ ಮಗು ಅತ್ತಿತು, ಮೈಬಣ್ಣವೂ ಚೆನ್ನಾಗಿತ್ತು, ಆದರೆ ಅರ್ಧ ಗಂಟೆಯಲ್ಲಿ ಮೂಗಿನ ಹೊಳ್ಳೆ ಅರಳಿಸಿ ಏದುಸಿರು ಬಿಡಲು ಶುರುವಾಯಿತು, ಉಸಿರು ಎಳೆದಾಗ ಪಕ್ಕೆ ಒಳಗೆ ಹೋಗುತ್ತಿತ್ತು. ನಾಲ್ಕು ದಿನ ಎನ್‌ಐಸಿಯು, ಅಂದರೆ ಎಳೆಮಕ್ಕಳ ಐಸಿಯು. ಒಳ್ಳೇ ಲಗ್ನದಲ್ಲಿ ಹುಟ್ಟಿದ ಮಗುವನ್ನು ಮನೆಯವರು ಗಾಜಿನ ಆಚೆಯಿಂದ ನೋಡಿದರು. ಈಗ ಎರಡನೇ ಕ್ಲಾಸು, ಚೆನ್ನಾಗಿದ್ದಾನೆ.

ಆಗಿದ್ದು ಇಷ್ಟು. ಹೊಟ್ಟೆಯಲ್ಲಿ ಮಗುವಿನ ಶ್ವಾಸಕೋಶದ ತುಂಬ ನೀರಿನಂಥ ದ್ರವ ಇರುತ್ತದೆ. ಕೊನೆಯ ವಾರಗಳಲ್ಲಿ, ಅದಕ್ಕಿಂತ ಜಾಸ್ತಿ ಬೇನೆ ಶುರುವಾದ ಮೇಲೆ ಬರುವ ಹಾರ್ಮೋನುಗಳಿಂದ, ಆ ದ್ರವ ಇಂಗಿಹೋಗುತ್ತದೆ. ಬೇನೆಯೇ ಇಲ್ಲದೆ ಮೊದಲೇ ತೆಗೆದರೆ ಅದು ಅಲ್ಲೇ ಉಳಿದು ಮಗು ಏದುಸಿರು ಬಿಡುತ್ತದೆ. ಡೆನ್ಮಾರ್ಕಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ದಿನ ಗೊತ್ತು ಮಾಡಿ ಸಿಸೇರಿಯನ್ ಮಾಡಿದಾಗ 37ನೇ ವಾರದಲ್ಲಿ ಹುಟ್ಟಿದವರಲ್ಲಿ 100ಕ್ಕೆ ಸುಮಾರು 10 ಮಕ್ಕಳಿಗೆ ಉಸಿರಾಟದ ತೊಂದರೆ ಆಯಿತು. 38ನೇ ವಾರದಲ್ಲಿ 5, 39ರಲ್ಲಿ 2. ಎರಡು ವಾರ ಕಾಯುವುದರಿಂದ ಹತ್ತು ಎರಡಾಗುತ್ತದೆ.

ಅದಕ್ಕೇ ತುರ್ತು ಕಾರಣ ಇಲ್ಲದ ಸಿಸೇರಿಯನ್ ಅನ್ನು 39 ವಾರ ತುಂಬಿದ ಮೇಲೆ ಇಟ್ಟುಕೊಳ್ಳಿ ಅನ್ನುವುದು. ಬಿಪಿ ಏರಿದೆ, ಮಾಸು ಕೆಳಗಿದೆ, ಮಗು ಬೆಳೀತಿಲ್ಲ ಅಂತ ಡಾಕ್ಟರೇ ಮುಂಚೆ ಮಾಡಬೇಕು ಅಂದರೆ ಆ ಲೆಕ್ಕ ಬೇರೆ.

ಮನೆಯ ಹಿರಿಯರ ಜೊತೆ ಯುದ್ಧ ಮಾಡಲು ಎಲ್ಲರಿಗೂ ಆಗುವುದಿಲ್ಲ ಅಂತ ಗೊತ್ತು. ನಮ್ಮ ಮನೆಯಲ್ಲಿ ನಾವು ಮಾಡಿದ್ದು ಹೀಗೆ: ಡಾಕ್ಟರ ಹತ್ತಿರ ಮೊದಲು ದಿನಗಳ ಪಟ್ಟಿ ತಂದೆವು, ಎಲ್ಲವೂ 39 ವಾರ ತುಂಬಿದ ಮೇಲಿನವು, ಎಲ್ಲವೂ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರ ಒಳಗಿನವು. ಅದನ್ನು ಜ್ಯೋತಿಷಿಗಳಿಗೆ ಕೊಟ್ಟು "ಇದರಲ್ಲೇ ಒಂದು ಹೇಳಿ" ಅಂದೆವು. ಅವರು ಹೇಳಿದರು, ಮಾವನಿಗೂ ಸಮಾಧಾನವಾಯಿತು. ಬೆಳಗಿನ ಜಾವ ಮೂರೂಕಾಲರ ಮುಹೂರ್ತಕ್ಕೆ ಮಾತ್ರ ಒಪ್ಪಬೇಡಿ. ಆ ಹೊತ್ತಲ್ಲಿ ಏನಾದರೂ ಎಡವಟ್ಟಾದರೆ ಕೈ ಜೋಡಿಸಲು ಆಸ್ಪತ್ರೆಯಲ್ಲಿ ಜನ ಕಮ್ಮಿ.

ವಾರದ ಲೆಕ್ಕ ಸರಿ ಇದೆಯಾ ಅನ್ನೋದನ್ನೂ ನೋಡಿ. ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿಂಗ್ ಕೊಡುವ ತಾರೀಖು ಹೆಚ್ಚು ನಂಬಿಕೆಯದು. ತಾಯಿ ಕಾರ್ಡಿನಲ್ಲಿ ಯಾವ ತಾರೀಖು ಬರೆದಿದ್ದಾರೆ, ಅದು ಮುಟ್ಟಿನ ಲೆಕ್ಕದ್ದಾ ಸ್ಕ್ಯಾನಿಂಗಿನದ್ದಾ ಅಂತ ಕೇಳಿಟ್ಟುಕೊಳ್ಳಿ.

ಹೆಜ್ಜೆ 3: ಆ ದಿನ ತಾಯಿಗೆ ಏನಾಗಬಹುದು, ಅದಕ್ಕೆ ಮೊದಲು ಏನು ಮಾಡಬಹುದು

ರಕ್ತ ಹೋಗೋದು ಮೊದಲನೆಯದು. ನಾರ್ಮಲ್ ಹೆರಿಗೆಯಲ್ಲಿ ಅರ್ಧ ಲೀಟರ್ ದಾಟಿದರೆ ಜಾಸ್ತಿ ಅನ್ನುತ್ತಾರೆ, ಸಿಸೇರಿಯನ್ನಿನಲ್ಲಿ ಒಂದು ಲೀಟರ್ ದಾಟಿದರೆ. ಆ ಗೆರೆಯನ್ನೇ ಎರಡು ಪಟ್ಟು ದೂರ ಎಳೆದಿದ್ದಾರೆ ಅಂದರೆ ರಕ್ತ ಹೋಗೋದು ಜಾಸ್ತಿ ಅಂತಲೇ ಅರ್ಥ. ಈಗ ಇದನ್ನು ನೋಡಿ: 2019-21ರ ಸಮೀಕ್ಷೆಯಲ್ಲಿ ನಮ್ಮ ದೇಶದ ಬಸುರಿಯರಲ್ಲಿ ಶೇ. 52.2 ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 12 ಇರುವವಳು ತಡೆದುಕೊಳ್ಳುವ ರಕ್ತಸ್ರಾವ 8 ಇರುವವಳನ್ನು ಐಸಿಯುಗೆ ಕಳಿಸಬಹುದು. ಹಾಗಾಗಿ ಅಪಾಯ ಕಮ್ಮಿ ಮಾಡಲು ನಿಮ್ಮ ಕೈಯಲ್ಲೇ ಇರುವ ದೊಡ್ಡ ಉಪಾಯ ಆರನೇ ತಿಂಗಳಿನದು, ಹೆರಿಗೆಯ ದಿನದ್ದಲ್ಲ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ನುಂಗಬೇಡಿ, ಕ್ಯಾಲ್ಸಿಯಂ ಮಾತ್ರೆ ಜೊತೆಗಂತೂ ಬೇಡವೇ ಬೇಡ. ನಿಂಬೆ ಪಾನಕ ಇದ್ದರೆ ಒಳ್ಳೇದು. 11ಕ್ಕಿಂತ ಕೆಳಗಿದ್ದು ಮಾತ್ರೆಯಿಂದ ಏರದಿದ್ದರೆ ಡ್ರಿಪ್ಸಿನಲ್ಲಿ ಕಬ್ಬಿಣ ಕೊಡುವುದು ಉಂಟು, ಕೇಳಿ. ಮಾತ್ರೆಯಿಂದ ಮಲ ಕಪ್ಪಾದರೆ ಗಾಬರಿ ಬೇಡ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಆಶಾ ಕಾರ್ಯಕರ್ತೆಗೆ ಹೇಳಿದರೆ ಕರೆದುಕೊಂಡು ಹೋಗುತ್ತಾರೆ.

ಎರಡನೆಯದು ನಂಜು. ಕೊಯ್ಯುವ ಮೊದಲೇ ಒಂದು ಡೋಸ್ ಆ್ಯಂಟಿಬಯಾಟಿಕ್ ಕೊಟ್ಟರೆ ನಂಜಾಗುವ ಸಾಧ್ಯತೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹಿಂದಿನ ದಿನ ಮನೆಯಲ್ಲೇ ಬ್ಲೇಡಿನಲ್ಲಿ ಕೂದಲು ತೆಗೆಯಬೇಡಿ, ಆ ಸಣ್ಣ ಗೀರುಗಳೇ ನಂಜಿನ ಬಾಗಿಲು.

ಮೂರನೆಯದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು. ಅಪರೂಪ, ಆದರೆ ಆ ಗಡ್ಡೆ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ತಡೆಯುವ ಉಪಾಯ ಸುಲಭದ್ದು, ಬೇಗ ಎದ್ದು ಓಡಾಡುವುದು.

ಬೇಗ ಏಳೋದು ಅಂತ ಹೇಳೋದು ಸುಲಭ. ಮರುದಿನ ಬೆಳಿಗ್ಗೆ ಸಿಸ್ಟರ್ ಬಂದು "ಏಳಿ" ಅಂದಾಗ ನಾನು ನೇರ ಎದ್ದು ಕೂರಲು ಹೋಗಿ ಕಣ್ಣಲ್ಲಿ ನೀರು ಬಂತು. ಅವರೇ ಹೇಳಿಕೊಟ್ಟರು. ಮೊದಲು ಮಗ್ಗುಲಾಗಿ. ಮಂಡಿ ಮಡಚಿ. ಎರಡೂ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಡಿ. ಕೆಳಗಿನ ಮೊಣಕೈ ಊರಿ, ಇನ್ನೊಂದು ಕೈಯಿಂದ ಮಂಚ ಒತ್ತಿ ಏಳಿ. ಎರಡು ನಿಮಿಷ ಹಾಗೇ ಕೂತು, ತಲೆ ಸುತ್ತದಿದ್ದರೆ ನಿಲ್ಲಿ. ಕೆಮ್ಮು ಬಂದರೆ ದಿಂಬನ್ನು ಹೊಲಿಗೆಗೆ ಒತ್ತಿ ಹಿಡಿದು ಕೆಮ್ಮಿ. ಇಷ್ಟನ್ನು ಯಾರಾದರೂ ಮೊದಲೇ ಹೇಳಿದ್ದರೆ ಅನ್ನಿಸಿತ್ತು.

ಬೆನ್ನಿನ ಇಂಜೆಕ್ಷನ್ ಬಗ್ಗೆ ಎರಡು ಮಾತು. "ಆ ಸೂಜಿಯಿಂದಲೇ ಜೀವನಪೂರ್ತಿ ಬೆನ್ನುನೋವು" ಅನ್ನೋದನ್ನು ನೀವು ಕೇಳೇ ಇರುತ್ತೀರಿ, ಅಧ್ಯಯನಗಳು ಅದನ್ನು ಒಪ್ಪುವುದಿಲ್ಲ. ನಾರ್ಮಲ್ ಆದವರಿಗೂ ಅಷ್ಟೇ ಬೆನ್ನುನೋವು ಇರುತ್ತದೆ, ಬಸಿರು, ಬಗ್ಗಿ ಹಾಲುಣಿಸುವುದು, ಎತ್ತಿಕೊಳ್ಳುವುದು ಎಲ್ಲ ಸೇರಿ. ಸೂಜಿಯಿಂದ ಬರಬಹುದಾದ್ದು ಒಂದು ಥರದ ತಲೆನೋವು, ಕೂತರೆ ಜಾಸ್ತಿ, ಮಲಗಿದರೆ ಕಮ್ಮಿ. ಬಂದರೆ ತಡೆದುಕೊಂಡು ಮಲಗಬೇಡಿ, ಅದಕ್ಕೆ ಚಿಕಿತ್ಸೆ ಇದೆ. ಇಂಜೆಕ್ಷನ್ ಕೊಟ್ಟ ಮೇಲೆ ನೋವಿರಲ್ಲ, ಆದರೆ ಎಳೆದಾಟ ಗೊತ್ತಾಗುತ್ತದೆ. ಭರಣಿಯ ತಳಕ್ಕೆ ಕೈ ಹಾಕಿ ಗಟ್ಟಿಯಾದ ಹುಣಸೆಹಣ್ಣು ಕೀಳುತ್ತಾರಲ್ಲ, ಆ ಭರಣಿ ನಾನೇ ಆದ ಹಾಗಿತ್ತು. ಹಲ್ಲು ಕಟಕಟ ಅನ್ನುವಷ್ಟು ನಡುಕವೂ ಬರುತ್ತದೆ, ಹೆದರಬೇಡಿ.

ಕೊನೆಯ ಊಟ ಎಷ್ಟು ಹೊತ್ತಿಗೆ ಅಂತ ಕೇಳಿದರೆ ನಿಜ ಹೇಳಿ. ಗಟ್ಟಿ ಆಹಾರಕ್ಕೆ 6 ಗಂಟೆ, ನೀರಿಗೆ 2 ಗಂಟೆ ಅಂತರ ಬೇಕು. "ಪಾಪ ಹಸಿದಿದಾಳೆ" ಅಂತ ಅಮ್ಮ ಸೆರಗಿನ ಮರೆಯಲ್ಲಿ ತಿನ್ನಿಸಿದ ಎರಡು ಇಡ್ಲಿ ಪ್ರಜ್ಞೆ ತಪ್ಪಿಸಬೇಕಾಗಿ ಬಂದರೆ ಶ್ವಾಸಕೋಶಕ್ಕೆ ಹೋಗಬಹುದು.

ಮೂತ್ರಕೋಶಕ್ಕೆ ಪೆಟ್ಟಾಗುವುದು ಸುಮಾರು ಸಾವಿರಕ್ಕೆ ಒಂದು. ಹಿಂದೆ ಕೊಯ್ದಿದ್ದರೆ ಒಳಗೆ ಅಂಟಿಕೊಂಡಿರುವುದರಿಂದ ಅದೂ ಏರುತ್ತದೆ.

ಅಪಾಯ ಕತ್ತರಿಯಲ್ಲಿ ಮಾತ್ರ ಇರೋದಲ್ಲ ಅನ್ನೋದನ್ನು ನಮಗೆ ತೋರಿಸಿದ್ದು 2024ರ ನವೆಂಬರಿನ ಬಳ್ಳಾರಿ. ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು, ಡ್ರಿಪ್ಸಿನಲ್ಲಿ ಕೊಟ್ಟ ದ್ರಾವಣದ ಮೇಲೆ ಅನುಮಾನ ಬಂತು. ಡ್ರಿಪ್ಸ್ ಬಾಟಲಿಯನ್ನು ನಾವು ಪರೀಕ್ಷೆ ಮಾಡಲಾಗದು. ಆದರೆ ಆಸ್ಪತ್ರೆ ಆರಿಸುವಾಗ ರೂಮಿಗೆ ಎಸಿ ಇದೆಯಾ ಅಂತ ಕೇಳುವ ಬದಲು ಇವನ್ನು ಕೇಳಬಹುದು: ರಾತ್ರಿ ಅರಿವಳಿಕೆ ಡಾಕ್ಟರ್ ಇಲ್ಲೇ ಇರುತ್ತಾರಾ, ಕರೆಸುತ್ತೀರಾ? ರಕ್ತ ಬೇಕಾದರೆ ಎಷ್ಟು ದೂರದಿಂದ ಬರಬೇಕು? ಎನ್‌ಐಸಿಯು ಇದೆಯಾ, ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಾ? ಖರ್ಚಿನ ಚಿಂತೆ ಇರುವವರಿಗೆ ಒಂದು ಮಾತು, 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್, ಔಷಧಿ, ರಕ್ತ ಎಲ್ಲ ಉಚಿತ.

ಹೆಜ್ಜೆ 4: ಮಗುವಿನ ಕಡೆ

ಉಸಿರಿನ ವಿಚಾರ ಆಗಲೇ ಆಯಿತು. ಕೊಯ್ಯುವಾಗ ಮಗುವಿನ ಚರ್ಮಕ್ಕೆ ಸಣ್ಣ ಗೀರು ಬೀಳುವುದು 100ಕ್ಕೆ ಒಂದೆರಡು, ಹೆಚ್ಚಿನವು ತಾವಾಗೇ ಮಾಯುತ್ತವೆ. ಸಿಸೇರಿಯನ್ ಮಕ್ಕಳಲ್ಲಿ ಮುಂದೆ ಅಸ್ತಮಾ, ಬೊಜ್ಜು ಸ್ವಲ್ಪ ಜಾಸ್ತಿ ಕಂಡುಬಂದಿದೆ. ಆದರೆ ಅದು ಸಿಸೇರಿಯನ್ನಿನಿಂದಲೇ ಬಂದದ್ದು ಅಂತ ಸಾಬೀತಾಗಿಲ್ಲ, ಅದನ್ನು ನೆನೆದು ನಿದ್ದೆ ಕೆಡಿಸಿಕೊಳ್ಳಬೇಡಿ.

ದಿನನಿತ್ಯ ಕಾಣುವ ತೊಂದರೆ ಎದೆಹಾಲಿನದು. ಅಮ್ಮ ಮಲಗಿದ್ದಾಳೆ, ಡ್ರಿಪ್ಸ್ ಇದೆ ಅಂತ ಮಗುವನ್ನು ಹೊರಗೆ ಕೊಡುತ್ತಾರೆ, ಹೊರಗೆ ಅಜ್ಜಿ ಜೇನುತುಪ್ಪ ಹಿಡಿದು ಕಾದಿರುತ್ತಾರೆ. ಜೇನು, ಸಕ್ಕರೆ ನೀರು ಯಾವುದೂ ಬೇಡ. ಬೆನ್ನಿಗೆ ಇಂಜೆಕ್ಷನ್ ಆಗಿದ್ದರೆ ನಿಮಗೆ ಎಚ್ಚರ ಇರುತ್ತದೆ. ಮೊದಲ ಗಂಟೆಯಲ್ಲೇ ಮಗುವನ್ನು ಎದೆಗೆ ಹಾಕಲು ಸಹಾಯ ಮಾಡಿ ಅಂತ ಮೊದಲೇ ಹೇಳಿಟ್ಟಿರಿ. ಹೊಲಿಗೆ ಮೇಲೆ ಮಗುವಿನ ಕಾಲು ಬೀಳದಂತೆ ಮಗ್ಗುಲು ಮಲಗಿ ಕುಡಿಸಿ, ಇಲ್ಲವೇ ಮಗುವಿನ ಕಾಲನ್ನು ನಿಮ್ಮ ಕಂಕುಳ ಕಡೆ ಮಾಡಿ ಹಿಡಿದುಕೊಳ್ಳಿ. ಹಾಲು ಇಳಿಯುವುದು ಒಂದೆರಡು ದಿನ ತಡವಾಗಬಹುದು. ಆ ಎರಡು ದಿನಕ್ಕೆ ಹಳದಿ ಗಿಣ್ಣುಹಾಲು ಚಮಚದಷ್ಟು ಬಂದರೂ ಸಾಕು.

ಹೆಜ್ಜೆ 5: ಎಷ್ಟನೇ ಸಲ

ಇದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಮೊದಲ ಸಿಸೇರಿಯನ್ನಿನ ದೊಡ್ಡ ಅಪಾಯ ಮುಂದಿನ ಬಸಿರಿಗೆ ಸೇರಿದ್ದು.

ಹಳೆಯ ಗಾಯದ ಜಾಗದಲ್ಲಿ ಮಾಸು ಬಂದು ಕೂತರೆ ಅದು ಗರ್ಭಕೋಶದ ಗೋಡೆಗೆ ಬೇರು ಬಿಟ್ಟ ಹಾಗೆ ಅಂಟಿಕೊಳ್ಳಬಹುದು. ಹೆರಿಗೆ ಆದಮೇಲೆ ಕಿತ್ತು ಬರುವುದಿಲ್ಲ, ಕೀಳಲು ಹೋದರೆ ರಕ್ತ ಧಾರೆ, ಕೆಲವೊಮ್ಮೆ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಮಾಸು ಕೆಳಗಿರುವವರಲ್ಲಿ ಹೀಗಾಗುವುದು, ಹಿಂದೆ ಒಂದು ಸಿಸೇರಿಯನ್ ಆಗಿದ್ದರೆ 100ಕ್ಕೆ ಸುಮಾರು 11, ಎರಡಾಗಿದ್ದರೆ 40, ಮೂರಾಗಿದ್ದರೆ 61 ಅಂತ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿದೆ. ಒಂದರಿಂದ ಎರಡಕ್ಕೆ ಎಷ್ಟು ಜಿಗಿತ ನೋಡಿ. ಮೂರು ಮಕ್ಕಳು ಬೇಕು ಅನ್ನುವ ಮನೆಗಳಲ್ಲಿ, ಗಂಡು ಆಗುವವರೆಗೆ ನೋಡೋಣ ಅನ್ನುವ ಮನೆಗಳಲ್ಲಂತೂ, ಈ ಅಂಕಿಯನ್ನು ಮೊದಲ ಹೆರಿಗೆಗೆ ಮುಂಚೆಯೇ ಮೇಜಿನ ಮೇಲಿಡಬೇಕು.

ಹಾಗಾಗಿ ಮುಂದಿನ ಬಸಿರಿನಲ್ಲಿ ಬೇಗನೇ, ಎರಡು ತಿಂಗಳೊಳಗೆ, ಒಂದು ಸ್ಕ್ಯಾನಿಂಗ್ ಮಾಡಿಸಿ. ಗರ್ಭ ಹಳೆ ಗಾಯದಲ್ಲೇ ಕೂತಿಲ್ಲ ಅಂತ ನೋಡಲು. ಆಮೇಲಿನ ಸ್ಕ್ಯಾನಿಂಗಿನಲ್ಲಿ "ಮಾಸು ಎಲ್ಲಿದೆ?" ಅಂತ ನೀವೇ ಕೇಳಿ.

"ಒಂದು ಸಲ ಸಿಸೇರಿಯನ್ ಆದರೆ ಯಾವಾಗಲೂ ಸಿಸೇರಿಯನ್ನೇ" ಅನ್ನೋದು ನಿಯಮ ಅಲ್ಲ. ಹಿಂದಿನ ಕೊಯ್ತ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕಿದ್ದು, ಹಿಂದಿನ ಕಾರಣ ಈ ಸಲ ಇಲ್ಲದಿದ್ದರೆ, ನಾರ್ಮಲ್‌ಗೆ ಪ್ರಯತ್ನಿಸಿದವರಲ್ಲಿ 100ಕ್ಕೆ 60ರಿಂದ 80 ಮಂದಿಗೆ ಆಗುತ್ತದೆ. ಹಳೆ ಗಾಯ ಬಿರಿಯುವ ಅಪಾಯ ಸುಮಾರು 200ಕ್ಕೆ ಒಂದು. ಸಣ್ಣದೇ, ಆದರೆ ಬಿರಿದರೆ ನಿಮಿಷಗಳ ಲೆಕ್ಕ. ಆಗ ತಕ್ಷಣ ಥಿಯೇಟರ್ ತೆರೆಯುವ ಜಾಗದಲ್ಲೇ ಇದನ್ನು ಪ್ರಯತ್ನಿಸಬೇಕು. ನನಗೆ ಬಹಳ ಆಸೆ ಇತ್ತು. ಆದರೆ ನಮ್ಮೂರಿನ ಆಸ್ಪತ್ರೆಗೆ ರಾತ್ರಿ ಅರಿವಳಿಕೆ ಡಾಕ್ಟರ್ ಫೋನ್ ಮಾಡಿದ ಮೇಲೆ ಮನೆಯಿಂದ ಹೊರಡಬೇಕಿತ್ತು. ಅದೊಂದು ಕಾರಣಕ್ಕೆ ಎರಡನೆಯದನ್ನೂ ಸಿಸೇರಿಯನ್ನೇ ಆರಿಸಿಕೊಂಡೆ, 39 ವಾರ ಎರಡು ದಿನಕ್ಕೆ. ಯಾರೂ ಹೆದರಿಸಿ ಮಾಡಿಸಿದ್ದಲ್ಲ, ಹಾಗಾಗಿ ಬೇಜಾರೂ ಇಲ್ಲ.

ಡಿಸ್ಚಾರ್ಜ್ ಹಾಳೆಯನ್ನು ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಡಿ. ಅದರಲ್ಲಿ ಗರ್ಭಕೋಶದ ಕೊಯ್ತ ಅಡ್ಡವೋ ಉದ್ದವೋ, ಯಾಕೆ ಮಾಡಿದ್ದು, ಬಾಯಿ ಎಷ್ಟು ತೆರೆದಿತ್ತು ಅನ್ನೋದು ಇರಲೇಬೇಕು, ಇಲ್ಲದಿದ್ದರೆ ಬರೆಸಿಕೊಳ್ಳಿ. ಚರ್ಮದ ಮೇಲಿನ ಗಾಯ ನೋಡಿ ಒಳಗಿನ ಕೊಯ್ತ ಗೊತ್ತಾಗುವುದಿಲ್ಲ.

ಹೆರಿಗೆಯಾಗಿ ಮತ್ತೆ ಬಸಿರಾಗಲು ಕನಿಷ್ಠ 24 ತಿಂಗಳು ಬಿಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಲು ಕುಡಿಸುತ್ತಿದ್ದೇನೆ, ಮುಟ್ಟಾಗಿಲ್ಲ, ಏನೂ ಆಗಲ್ಲ ಅಂತ ನಂಬಿ ಕೂರಬೇಡಿ. ಸಿಸೇರಿಯನ್ ಮಾಡುವಾಗಲೇ ಕಾಪರ್ ಟಿ ಹಾಕಿಸಿಕೊಳ್ಳಬಹುದು. ಆದರೆ ನಿಮ್ಮನ್ನು ಕೇಳದೆ ಹಾಕುವಂತಿಲ್ಲ.

ಹೆಜ್ಜೆ 6: ಮನೆಗೆ ಬಂದ ಮೇಲೆ

ಬಾಣಂತನದಲ್ಲಿ ಒಳ್ಳೇದೂ ಇದೆ. ಬಿಸಿ ಊಟ, ಮಲಗಲು ಸಮಯ, ಮಗು ನೋಡಲು ಇನ್ನೊಂದು ಜೊತೆ ಕೈ. ಸಿಸೇರಿಯನ್ ಆದವರಿಗೆ ಹೊಂದದ ಮೂರನ್ನು ಮಾತ್ರ ಬಿಡಿಸಿ. ನೀರು ಕಮ್ಮಿ ಕುಡಿ ಅನ್ನೋದು ಒಂದು. ಹೊಟ್ಟೆ ದಪ್ಪ ಆಗುತ್ತೆ, ಹೊಲಿಗೆ ಕೀವಾಗುತ್ತೆ ಅಂತ ನನಗೆ ದಿನಕ್ಕೆ ಎರಡೇ ಲೋಟ ಕೊಟ್ಟಿದ್ದರು. ಬಂದದ್ದು ಮಲಬದ್ಧತೆ, ಮುಕ್ಕಿ ಮುಕ್ಕಿ ಹೊಲಿಗೆ ಹರಿದಂತಾಗುತ್ತಿತ್ತು. ನೀರು ಕಮ್ಮಿಯಾದರೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಏರುತ್ತದೆ. ಎರಡನೆಯದು ಬೇಳೆ, ಮೊಟ್ಟೆ, ತರಕಾರಿ ಬಿಡಿಸುವುದು. ಗಾಯ ಮಾಯಲು ಬೇಕಾದ್ದೇ ಅದು. ಮೂರನೆಯದು ಹೊಟ್ಟೆಗೆ ಎಣ್ಣೆ ತಿಕ್ಕಿ ಕುದಿಯುವ ನೀರು ಬಡಿಯುವಂತೆ ಎರೆಯುವುದು. ಬೆನ್ನಿಗೆ, ಕಾಲಿಗೆ ಎರೆಸಿಕೊಳ್ಳಿ, ಗಾಯಕ್ಕೆ ಬೇಡ, ಒರೆಸಿ ಒಣಗಿಸಿ. ಆರು ವಾರ ಮಗುವಿಗಿಂತ ಭಾರದ್ದು ಎತ್ತಬೇಡಿ, ನೀರಿನ ಕೊಡ ಅಂತೂ ಮುಟ್ಟಲೇಬೇಡಿ.

ಇವು ಕಂಡರೆ ನಾಳೆ ನೋಡೋಣ ಅನ್ನಬೇಡಿ. 100.4 ಡಿಗ್ರಿ ದಾಟಿದ ಜ್ವರ. ಹೊಲಿಗೆ ಕೆಂಪಾಗಿ ಬಿಸಿಯಾಗಿ ಕೀವು ಬರುವುದು, ಹೆರಿಗೆಯಾದ ಮೇಲೆ ಹೋಗುವ ಸ್ರಾವದಲ್ಲಿ ಕೆಟ್ಟ ವಾಸನೆ. ಒಂದೇ ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು. ಉಸಿರು ಕಟ್ಟುವುದು, ಎದೆನೋವು. ಜೋರು ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಫಿಟ್ಸ್. ರಕ್ತ ಹೋಗುವುದರಿಂದ ಹಿಡಿದು ಕೊನೆಯವರೆಗಿನ ಎಲ್ಲಕ್ಕೂ 108ಕ್ಕೆ ಫೋನ್ ಮಾಡಿ, ಸ್ಕೂಟರಿನಲ್ಲಿ ಹೋಗಬೇಡಿ. ಬಿಪಿಯ ತೊಂದರೆ ಹೆರಿಗೆಯಾದ ವಾರದ ಮೇಲೂ ಬರಬಹುದು, "ಹೆರಿಗೆ ಆಯ್ತಲ್ಲ ಇನ್ನೇನು" ಅಂತ ಬಹಳ ಮನೆಗಳಲ್ಲಿ ಇದನ್ನೇ ಕಡೆಗಣಿಸುತ್ತಾರೆ.

ಇನ್ನೊಂದು, ಹೊರಗೆ ಕಾಣದ್ದು. ಎರಡು ವಾರ ಕಳೆದರೂ ಸುಮ್ಸುಮ್ನೆ ಅಳು, ಮಗು ಮಲಗಿದರೂ ನಿದ್ದೆ ಬಾರದು, "ನನ್ನ ಕೈಲಿ ಒಂದು ಹೆರಿಗೆ ಕೂಡ ಸರಿಯಾಗಿ ಆಗಲಿಲ್ಲ" ಅನ್ನುವ ಯೋಚನೆ ತಲೆಯಿಂದ ಹೋಗದು. ದಿಢೀರನೆ ಥಿಯೇಟರಿಗೆ ಹೋದವರಲ್ಲಿ ಇದನ್ನು ನಾನು ಜಾಸ್ತಿ ನೋಡಿದ್ದೇನೆ, ನನ್ನಲ್ಲೂ ನೋಡಿದ್ದೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಂಬರನ್ನು ಬಾಣಂತಿಯ ಫೋನಿನಲ್ಲಿ ಹಾಕಿದರೆ ಸಾಲದು, ಅವಳ ಅಮ್ಮನ ಫೋನಿಗೂ ಹಾಕಿ. ಅಳು ಮೊದಲು ಕಾಣೋದು ಅವರಿಗೇ.